ಓಡಿ ಚಂದಾ ಎತ್ತುವುದು ಹೇಗೆ?

ಸೇವಾಸಂಸ್ಥೆಗಳಿಗೆ ಹಣ ಎತ್ತಲೆಂದು ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಗಾಯಗೊಂಡವರ ಲೆಕ್ಕವನ್ನು ಸ್ಕಾಟ್ಲೆಂಡಿನ ವೈದ್ಯರು 1999ರಲ್ಲಿ ಪ್ರಕಟಿಸಿದ್ದರು. ಐದು ವರ್ಷಗಳಲ್ಲಿ ಗಾಯಗೊಂಡ 174 ಮಂದಿಯಲ್ಲಿ ಶೇ 94ರಷ್ಟು ಜನ ಹೀಗೆ ಹಣ ಎತ್ತಲು ಮೊದಲ ಸಲ ಹಾರಿದವರು. ಒಬ್ಬೊಬ್ಬರು ಎತ್ತಿದ್ದು ಸರಾಸರಿ 30 ಪೌಂಡ್. ಹಾಗೆ ಬಂದ ಒಂದೊಂದು ಪೌಂಡಿಗೂ ಸರ್ಕಾರಿ ಆರೋಗ್ಯ ಸೇವೆಯ ಮೇಲೆ ಬಿದ್ದ ಖರ್ಚು 13.75 ಪೌಂಡ್!

ಹಾಗಾಗಿ ಮೊದಲ ಹೆಜ್ಜೆ, ದಿಢೀರ್ ಸಾಹಸದ ಆಸೆ ಬಿಡುವುದು. ತಿಂಗಳುಗಟ್ಟಲೆ ತಯಾರಿ ಬೇಡುವ ಓಟವನ್ನು ಆರಿಸಿ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 50, 100 ಕಿ.ಮೀ. ಓಡಿಸುವ ಮಲ್ನಾಡ್ ಅಲ್ಟ್ರಾ ಇದೆ. ಲಡಾಖ್‌ನಲ್ಲಿ ಖರ್ದುಂಗ್ ಲಾ ಹತ್ತಿ ಇಳಿಯುವ 72 ಕಿ.ಮೀ. ಓಟವಿದೆ. ಅಲ್ಲಿ ಕಣಿವೆದಾರಿಯೇ 17,000 ಅಡಿಗಿಂತ ಮೇಲೆ. ದಿನಗಳ ಮುಂಚೆಯೇ ಲೇಹ್ ಸೇರಿ ಮೈ ಒಗ್ಗಿಸಿಕೊಳ್ಳದಿದ್ದರೆ ಕಾಲಲ್ಲ, ಉಸಿರೇ ಕೈಕೊಡುತ್ತದೆ. ಒಂದಾದರೂ ಮ್ಯಾರಥಾನ್ ಮುಗಿಸದೆ ಎರಡಕ್ಕೂ ಹೆಸರು ಕೊಡಬೇಡಿ.

ನಂತರ ಸಂಸ್ಥೆ. ನಿಮ್ಮೂರಿನಲ್ಲೇ, ಹೋಗಿ ಕಣ್ಣಾರೆ ನೋಡಬಹುದಾದದ್ದು ಇರಲಿ. ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲು ಬೇಕಾದ 80ಜಿ ನೋಂದಣಿ ಇದೆಯೇ ವಿಚಾರಿಸಿ. ಈ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ, ಅದೂ ನಗದಾಗಿ ಕೊಟ್ಟದ್ದು 2,000 ರೂಪಾಯಿ ದಾಟಿದರೆ ಇಲ್ಲ.

ಇನ್ನು ದುಡ್ಡು. ಹೆಚ್ಚಿನವರು ಎಡವುವುದು ಇಲ್ಲೇ. ಹಣ ನಿಮ್ಮ ಫೋನ್‌ಪೇಗೆ ಬರಲೇಬಾರದು, ನೇರ ಸಂಸ್ಥೆಯ ಖಾತೆಗೆ ಹೋಗಬೇಕು. ಪ್ರವೇಶ ಶುಲ್ಕ, ಶೂ, ಪ್ರಯಾಣ ಎಲ್ಲವೂ ನಿಮ್ಮ ಜೇಬಿನದೇ. ದೇಣಿಗೆಯಿಂದ ಅದನ್ನು ಭರಿಸುವುದು, ಜಾತ್ರೆಗೆ ಹೋದ ಬಸ್ ಚಾರ್ಜನ್ನು ಹುಂಡಿಯಿಂದ ತೆಗೆದ ಹಾಗೆ. ಆನ್‌ಲೈನ್ ತಾಣ ಬಳಸಿದರೆ ಅದು ಎಷ್ಟು ಹಿಡಿದುಕೊಳ್ಳುತ್ತದೆ ಎಂದು ನೋಡಿ. ಕೆಲವು ಕಡೆ ತಾಣಕ್ಕೆ ಸಲ್ಲುವ 'ಟಿಪ್' ಮೊದಲೇ ಸೇರಿರುತ್ತದೆ.

ಅಮೆರಿಕದ ಅಣ್ಣನನ್ನು ಕೇಳುವ ಮುಂಚೆ ಅವನ ಪಾಸ್‌ಪೋರ್ಟ್ ಯಾವುದು ಕೇಳಿ. ಭಾರತದ್ದಾದರೆ ಅವನ ಸ್ವಂತ ದುಡಿಮೆಯ ಹಣ ವಿದೇಶಿ ದೇಣಿಗೆಯಾಗದು. ಅಲ್ಲಿನ ಪೌರನಾಗಿದ್ದರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಒಪ್ಪಿಗೆ ಇರುವ ಸಂಸ್ಥೆಯೇ ಪಡೆಯಬೇಕು.

ಕೇಳುವುದಕ್ಕೂ ಒಂದು ಕ್ರಮವಿದೆ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ ಮೆಸೇಜಿಗೆ ಬರುವುದು ಬರೀ ಕೈಮುಗಿಯುವ ಎಮೋಜಿ. ಒಬ್ಬೊಬ್ಬರಿಗೇ ಹೆಸರು ಹಿಡಿದು ಬರೆಯಿರಿ, ಇಂತಿಷ್ಟು ಹಣಕ್ಕೆ ಏನಾಗುತ್ತದೆ ಎಂದು ಹೇಳಿ. ಮೊದಲ ಹೆಸರು ನಿಮ್ಮದಿರಲಿ, ಆಮೇಲೆ ಧಾರಾಳ ಮನಸ್ಸಿನ ಇಬ್ಬರು ಮೂವರದು. ಗಣೇಶನ ಚಂದಾ ಪುಸ್ತಕ ಹಿಡಿದು ತಿರುಗಿದವರಿಗೆ ಗೊತ್ತು, ಮೇಲಿನ ಸಾಲಿನಲ್ಲಿರುವ ಮೊತ್ತ ನೋಡಿಯೇ ಕೆಳಗಿನವರು ಬರೆಯುತ್ತಾರೆ.

ತಯಾರಿಯಲ್ಲಿ ಶನಿವಾರ, ಭಾನುವಾರ ಎರಡೂ ದಿನ ಉದ್ದದ ಓಟವಿರಲಿ, ದಣಿದ ಕಾಲಲ್ಲಿ ಓಡುವುದು ರೂಢಿಯಾಗಲಿ. ಏರು ಬಂದಾಗ ನಡೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ತೊಡೆ ಸೋಲುವುದು ಇಳಿಜಾರಿನಲ್ಲಿ, ಅದನ್ನೇ ಅಭ್ಯಾಸ ಮಾಡಿ. ಕಾಲು ಊದುವುದರಿಂದ ಶೂ ಅರ್ಧ ಸೈಜ್ ದೊಡ್ಡದಿರಲಿ. ಬರೀ ನೀರು ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಪ್ರಾಣಕ್ಕೇ ಸಂಚಕಾರ. ಬಾಯಾರಿದಷ್ಟೇ ಕುಡಿಯಿರಿ, ಜೊತೆಗೆ ಉಪ್ಪಿನಂಶ ಬೇಕು. ಓಡುತ್ತಾ ಐಬುಪ್ರೊಫೇನ್ ನುಂಗಬೇಡಿ, ಮೂತ್ರಪಿಂಡಕ್ಕೆ ಅಪಾಯ. ಮಲೆನಾಡಾದರೆ ರಕ್ತ ಹೀರುವ ಇಂಬಳವೂ (ಜಿಗಣೆ) ಉಂಟು. ಉದ್ದ ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು, ಸುಣ್ಣ ಸವರುವ ಊರ ಉಪಾಯ ಒಂದಿಷ್ಟು ದೂರ ಕಾಯುತ್ತದೆ. ಒದ್ದೆ ಹುಲ್ಲಿನಲ್ಲಿ ಎರಡು ಹಳ್ಳ ದಾಟಿದ ಮೇಲೆ ಅದೂ ತೊಳೆದುಹೋಗಿ, ಬೆರಳ ಸಂದಿನಲ್ಲಿ ಕಪ್ಪಗೆ ಊದಿ ಕೂತಿರುತ್ತವೆ. ಹೆದರಿ ನಿಲ್ಲಬೇಡಿ, ಉಗುರಿನಿಂದ ಮೀಟಿ ಓಡಿ.

ಓಟ ಮುಗಿದ ವಾರದೊಳಗೆ ಕೊಟ್ಟವರಿಗೆಲ್ಲ ಒಟ್ಟು ಮೊತ್ತ ತಿಳಿಸಿ. ವಿನಾಯಿತಿ ಕೇಳುವವರಿಗೆ ಸಂಸ್ಥೆಯಿಂದ ದೇಣಿಗೆ ಪ್ರಮಾಣಪತ್ರ ಸಿಗುವವರೆಗೆ ಬೆನ್ನು ಹತ್ತುವುದೂ ನಿಮ್ಮದೇ ಕೆಲಸ. ಅರುವತ್ತನೇ ಕಿಲೋಮೀಟರಿಗೇ ಕೈಬಿಟ್ಟಿದ್ದರೆ ಅದನ್ನೂ ಹೇಳಿ. ಹಣ ವಾಪಸ್ ಕೇಳುವವರು ಅಪರೂಪ.