ಎಲೆ ಎಣಿಸಿದ ಮೇಲೆ ಲೆಕ್ಕ ಸರಿಹೋಯಿತು

ತಂಗಿಯ ಮದುವೆಗೆ ನಮ್ಮ ಕೈಯಲ್ಲಿದ್ದದ್ದು 10 ಲಕ್ಷ. ಅಂದಾಜು ಪಟ್ಟಿ ಮಾತ್ರ 12 ಲಕ್ಷಕ್ಕೆ ನಿಂತಿತ್ತು. ನಾನು ಮೂರು ವಾರ ಹೂವಿನ ಅಲಂಕಾರ, ವಾಲಗ, ಫೋಟೊ ಇವುಗಳಲ್ಲೇ ಕತ್ತರಿಯಾಡಿಸಿದೆ. ಉಳಿದದ್ದು ಹದಿನೈದು ಸಾವಿರ, ಜೊತೆಗೆ ತಂಗಿಯ ಮುನಿಸು.

ತಪ್ಪು ಊಟದಲ್ಲಿತ್ತು. ಅಪ್ಪ 600 ಜನ ಎಂದು ಆರತಕ್ಷತೆಗೂ ಮುಹೂರ್ತದ ಊಟಕ್ಕೂ ಬರೆದಿದ್ದರು, ಬೆಳಗಿನ ತಿಂಡಿಗೆ 500. ಎಲೆಗೆ 450, ತಿಂಡಿಗೆ 150 ರೂಪಾಯಿಯಂತೆ ಅದೇ 6.15 ಲಕ್ಷ! ಆಹ್ವಾನಿತರ ಪಟ್ಟಿಯನ್ನು ಹೊತ್ತಿನ ಪ್ರಕಾರ ಮತ್ತೆ ಬರೆದೆ. ಕಚೇರಿಯವರು, ಬೀದಿಯವರು ಸಂಜೆ ಮಾತ್ರ ಬರುತ್ತಾರೆ. ಊರಿನ ನೆಂಟರು ಧಾರೆಗೇ ಬಸ್ ಇಳಿಯುತ್ತಾರೆ. ಸಂಜೆಗೆ 350, ಮಧ್ಯಾಹ್ನಕ್ಕೆ 400, ತಿಂಡಿಗೆ ಛತ್ರದಲ್ಲೇ ತಂಗುವ 150 ಜನ. ಮೊತ್ತ 3.60 ಲಕ್ಷಕ್ಕೆ ಇಳಿಯಿತು.

“ಎಲೆ ಸಾಲದಿದ್ದರೆ ಮಾನ ಹೋಗುತ್ತದೆ” ಎಂದು ದೊಡ್ಡಪ್ಪ ಗುಡುಗಿದರು. ಐವತ್ತು ಎಲೆ ಹೆಚ್ಚಾದರೂ ಬಡಿಸಿ, ಉಂಡ ಎಲೆಗಷ್ಟೇ ಹಣ ಪಡೆಯಬೇಕೆಂದು ಅಡುಗೆಯವರಿಂದ ಬರೆಸಿಕೊಂಡ ಮೇಲೆಯೇ ಅವರು ಸುಮ್ಮನಾದದ್ದು.

ಮೊದಲು ಉಳಿಸಿದ ಹದಿನೈದು ಸಾವಿರವೂ ಸೇರಿ ಒಟ್ಟು ಖರ್ಚು 9.30 ಲಕ್ಷಕ್ಕೆ ಇಳಿಯಿತು. 10 ಲಕ್ಷದಲ್ಲಿ ಮಿಕ್ಕ 70 ಸಾವಿರವನ್ನು ಯಾರಿಗೂ ಹೇಳದೆ ಬೇರೆ ಇಟ್ಟೆ. ಒಳ್ಳೆಯದೇ ಆಯಿತು. ಛತ್ರದ ಬಾಡಿಗೆ 1.20 ಲಕ್ಷಕ್ಕೆ ಶೇ 18 ಜಿಎಸ್‌ಟಿ, ಕರೆಂಟು, ಜನರೇಟರ್ ಡೀಸೆಲ್, ಸ್ವಚ್ಛತೆ ಎಂದು ಕೊನೆಯ ದಿನ 39,600 ಕೇಳಿದರು. ಮುಂಗಡ ಕೊಡುವಾಗಲೇ ಇದನ್ನು ಕೇಳಬೇಕಿತ್ತು, ಕೇಳಿರಲಿಲ್ಲ. ಉಳಿದ ಹಣದಲ್ಲಿ ಬೀಗರೂಟದ ತರಕಾರಿ ಬಂತು.