ನೋಟ್‌ಬುಕ್ ಹಂಚುತ್ತ ಹೆಸರು ಕಲಿತ ಬಗೆ

ಕಳೆದ ವರ್ಷ ಜುಲೈ ತಿಂಗಳ ಕೊನೆಯ ವಾರದಲ್ಲಿ ನಮ್ಮ ಮುಖ್ಯಗುರುಗಳು ಹಾಜರಿ ಪುಸ್ತಕವನ್ನು ತಮ್ಮ ಕೈಯಲ್ಲಿ ಹಿಡಿದು, ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತು ನನ್ನನ್ನೇ ಪರೀಕ್ಷೆಗೆ ಒಡ್ಡಿದರು. ಅವರು ಬೆರಳು ಮಾಡಿದ ಮಗುವಿನ ಹೆಸರನ್ನು ನಾನು ಹೇಳಬೇಕು, ಸರಿಯೋ ತಪ್ಪೋ ಎಂಬುದನ್ನು ಆ ಮಗುವೇ ಹೇಳಬೇಕು. ಆ ದಿನ ಹಾಜರಿದ್ದ 58 ಮಕ್ಕಳಲ್ಲಿ 55 ಹೆಸರುಗಳು ಸರಿಯಾದವು. ಜೂನ್ ತಿಂಗಳಲ್ಲಿ ‘ಹೆಸರು ಕಲಿಯಾಕ ಪೀರಿಯಡ್ ಹಾಳ ಮಾಡಿದ್ರ ಸಿಲೆಬಸ್ ಯಾರು ಮುಗಸ್ತಾರ್ರಿ?’ ಎಂದು ಸಿಬ್ಬಂದಿ ಕೊಠಡಿಯಲ್ಲಿ ನಕ್ಕಿದ್ದ ಗೆಳೆಯರ ಪೈಕಿ ಇಬ್ಬರು ಇದನ್ನು ಕಿಟಕಿಯ ಆಚೆ ನಿಂತು ನೋಡಿದರು ಎಂಬುದನ್ನು ಬರೆಯದೆ ಇರಲಾರೆ.

ನಾನು ಬೀಳಗಿ ತಾಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿನಿಂದ ಎತ್ತರದ ಜಾಗಕ್ಕೆ ಬಂದು ನೆಲೆಸಿದ ಒಂದು ಪುನರ್ವಸತಿ ಕೇಂದ್ರದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಾಲ್ಕು ವಿಭಾಗಗಳಿಂದ ಸುಮಾರು 230 ಮಕ್ಕಳು ನನ್ನ ಪಾಲಿಗೆ ಬರುತ್ತಾರೆ. ಎಂಟನೆಯ ತರಗತಿಗೆ ಸುತ್ತಲಿನ ನಾಲ್ಕೈದು ಊರುಗಳ ಮಕ್ಕಳು ಒಂದೇ ಸಲ ಸೇರುವುದರಿಂದ ಅವರಿಗೇ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಹೆಸರುಗಳಾದರೂ ಬೇರೆ ಬೇರೆ ಇದ್ದಾವೆಯೇ ಎಂದರೆ ಅದೂ ಇಲ್ಲ. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಒಂದು ವಿಭಾಗದಲ್ಲಿ ನಾಲ್ವರು ಬಸವರಾಜರು, ಮೂವರು ಸಂಗಮೇಶರು ಇರುವುದರಲ್ಲಿ ಆಶ್ಚರ್ಯವೇನಿದೆ? ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ನಡೆದುಹೋಗುವ ಮನೆತನಗಳಿಂದ ಮಲ್ಲಪ್ಪ, ಮಲ್ಲಿಕಾರ್ಜುನ, ಮಲ್ಲವ್ವ ಬರುತ್ತಾರೆ. ಸವದತ್ತಿ ಎಲ್ಲಮ್ಮನ ಒಕ್ಕಲಿನವರಿಂದ ರೇಣುಕಾ ಮತ್ತು ಯಲ್ಲವ್ವ ಬರುತ್ತಾರೆ. ಎಲ್ಲರ ಮೈಮೇಲೆ ಒಂದೇ ಸಮವಸ್ತ್ರ, ಎಲ್ಲ ಹುಡುಗಿಯರಿಗೂ ಎರಡು ಜಡೆ.

ಮೊದಲ ಪ್ರಯತ್ನ ಚೀಟಿಗಳದು. ಹಳೆಯ ಲಗ್ನಪತ್ರಿಕೆಗಳನ್ನು ತಿರುವಿ ಮಡಚಿ, ಖಾಲಿ ಬದಿಯಲ್ಲಿ ಹೆಸರು ಬರೆಯಿಸಿ ಡೆಸ್ಕಿನ ಮೇಲೆ ನಿಲ್ಲಿಸಿದೆ. ಒಂದು ಪೈಸೆಯ ಖರ್ಚಿರಲಿಲ್ಲ. ಹಿಂದಿನ ಬೆಂಚಿನ ಹುಡುಗರು ಎರಡನೆಯ ದಿನವೇ ಚೀಟಿಗಳನ್ನು ಅದಲು ಬದಲು ಮಾಡಿಕೊಂಡರು, ನಾನು ನಾಲ್ಕು ದಿನ ಸಂಗಮೇಶನನ್ನು ಮಲ್ಲಪ್ಪನೆಂದು ಕರೆದೆ, ಅವನು ಗಂಭೀರವಾಗಿ ‘ಹೌದ್ರಿ ಸರ್’ ಎನ್ನುತ್ತಲೇ ಇದ್ದ. ಮರುವರ್ಷ ಬಾಗಲಕೋಟೆಯ ನವನಗರದಲ್ಲಿ ಒಂದಕ್ಕೆ 18 ರೂಪಾಯಿಯಂತೆ ಬ್ಯಾಡ್ಜ್ ಮಾಡಿಸಿದೆ. ಹೋಗಿಬರುವ ಬಸ್ಸಿನ ಖರ್ಚು ಸೇರಿ ನಾಲ್ಕು ಸಾವಿರದ ಮುನ್ನೂರೋ ನಾನೂರೋ ಆಯಿತು, ಅಷ್ಟೂ ನನ್ನ ಕಿಸೆಯಿಂದ. ಗಣೇಶ ಚೌತಿಯ ಹೊತ್ತಿಗೆ ನಲವತ್ತು ಬ್ಯಾಡ್ಜ್ ಕೂಡ ಉಳಿದಿರಲಿಲ್ಲ. ಅವು ಕಳೆದದ್ದಕ್ಕಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ: ಇಡೀ ಎರಡು ತಿಂಗಳು ನಾನು ಎದೆಯ ಮೇಲಿನ ಅಕ್ಷರ ಓದಿದ್ದೆನೇ ಹೊರತು ಮುಖ ನೋಡಿರಲಿಲ್ಲ. ಬ್ಯಾಡ್ಜ್ ಇಲ್ಲದ ಮಗು ಎದುರಿಗೆ ನಿಂತರೆ ಬಾಯಿ ಕಟ್ಟುತ್ತಿತ್ತು.

ಅನಂತರ ಮೊಬೈಲಿನಲ್ಲಿ ಸಾಲು ಸಾಲಾಗಿ ಮಕ್ಕಳ ಫೋಟೊ ತೆಗೆದು, ಸಾವಿರದ ಚಿಲ್ಲರೆ ರೂಪಾಯಿ ಕೊಟ್ಟು ಹಾಳೆಗಳ ಮೇಲೆ ಮುದ್ರಿಸಿ, ರಾತ್ರಿ ಊಟವಾದ ಮೇಲೆ ಬಾಯಿಪಾಠ ಮಾಡತೊಡಗಿದೆ. ಒಂದು ವಾರವೂ ಆಗಿರಲಿಲ್ಲ, ಒಬ್ಬ ಪಾಲಕರು ಶಾಲೆಗೆ ಬಂದು, ‘ನಮ್ಮ ಹುಡುಗಿ ಫೋಟೊ ನಿಮ್ಮ ಮೊಬೈಲ್‌ನ್ಯಾಗ ಯಾಕ್ರಿ ಸರ?’ ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿತ್ತು. ಅವರ ಎದುರಿಗೇ ಎಲ್ಲವನ್ನೂ ಅಳಿಸಿದೆ, ಮನೆಗೆ ಹೋಗಿ ಹಾಳೆಗಳನ್ನು ನೀರೊಲೆಗೆ ಹಾಕಿದೆ. ಈ ದಾರಿಯನ್ನು ಯಾರೂ ಹಿಡಿಯಬೇಡಿ.

ಅಡ್ಡಹೆಸರು, ಅಂದರೆ ಮನೆತನದ ಹೆಸರು ಹಿಡಿದು ನೆನಪಿಡುವ ಪ್ರಯೋಗವನ್ನೂ ಮಾಡಿದ್ದೇನೆ. ನಮ್ಮ ಭಾಗದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಅಡ್ಡಹೆಸರುಗಳು ಇರುವುದರಿಂದ ಮನಸ್ಸಿನಲ್ಲಿ ಚಿತ್ರ ಕಟ್ಟುವುದು ಸುಲಭ. ಆದರೆ ಉಳ್ಳಾಗಡ್ಡಿ ನೆನಪಾದರೆ ಹುಡುಗನ ಸ್ವಂತ ಹೆಸರು ನೆನಪಾಗುವುದಿಲ್ಲ, ಮತ್ತು ಒಮ್ಮೆ ಬಾಯಿ ತಪ್ಪಿ ಅಡ್ಡಹೆಸರು ಕೂಗಿದರೆ ವರ್ಷವಿಡೀ ಅವನಿಗೆ ಅದೇ ಗಂಟು ಬೀಳುತ್ತದೆ. ಇದಕ್ಕಿಂತ ಮುಖ್ಯವಾಗಿ ಬಡಿಗೇರ, ಹೂಗಾರ, ತಳವಾರ, ಮಾದರ ಎಂದರೆ ಮಗುವಿನ ಓಣಿ ಯಾವುದೆಂದು ಇಡೀ ತರಗತಿಗೆ ತಿಳಿಯುತ್ತದೆ. ಅದನ್ನು ದಿನವೂ ಕೂಗಿ ಹೇಳುವುದು ಶಿಕ್ಷಕನ ಕೆಲಸವಲ್ಲವೆಂದು ನಾನು ಅಂದಿನಿಂದ ಹೆಸರು ಮತ್ತು ತಂದೆಯ ಹೆಸರಿನ ಮೊದಲಕ್ಷರ ಇಷ್ಟನ್ನೇ ಬಳಸುತ್ತೇನೆ.

ಕೊನೆಗೆ ಕೈಹಿಡಿದದ್ದು ಖರ್ಚೇ ಇಲ್ಲದ ಉಪಾಯ. ಮನೆಗೆಲಸದ ನೋಟ್‌ಬುಕ್‌ಗಳನ್ನು ತಿದ್ದಿದ ಮೇಲೆ ಮಾನಿಟರ್ ಕೈಯಲ್ಲಿ ಹಂಚಿಸುವುದನ್ನು ನಿಲ್ಲಿಸಿದೆ. ಅವಧಿಯ ಆರಂಭದಲ್ಲಿ 12 ನೋಟ್‌ಬುಕ್ ತೆಗೆದುಕೊಂಡು, ಲೇಬಲ್ ಮೇಲಿನ ಹೆಸರನ್ನು ಮನಸ್ಸಿನಲ್ಲೇ ಓದಿ, ಯಾರನ್ನೂ ಕೇಳದೆ, ಕೂಗದೆ, ಆ ಮಗುವಿನ ಡೆಸ್ಕಿನವರೆಗೆ ನಡೆದುಹೋಗಿ ಇಡುತ್ತೇನೆ. ಸರಿಯಾದರೆ ಮಗು ನೋಟ್‌ಬುಕ್ ತೆಗೆದುಕೊಳ್ಳುತ್ತದೆ. ತಪ್ಪಾದರೆ ಎದ್ದುನಿಂತು ತನ್ನ ಹೆಸರನ್ನು ತಂದೆಯ ಹೆಸರಿನೊಡನೆ ಹೇಳುತ್ತದೆ, ನಾನು ಅದರ ಮುಖ ನೋಡುತ್ತ ಅದನ್ನೇ ತಿರುಗಿ ಹೇಳುತ್ತೇನೆ, ಆಮೇಲೆ ಇನ್ನೂ ಮೂರು ನೋಟ್‌ಬುಕ್ ಹಂಚಿ ಮತ್ತೆ ಅದೇ ಮಗುವಿನ ಬಳಿಗೆ ಬಂದು ಹೆಸರು ಹೇಳಿಯೇ ಮುಂದೆ ಹೋಗುತ್ತೇನೆ. ತಪ್ಪಿನ ಲೆಕ್ಕವನ್ನು ಕರಿಹಲಗೆಯ ಮೂಲೆಯಲ್ಲಿ ಗೀಟು ಹಾಕಿ ಇಡುವ ಅಧಿಕಾರ ಮಕ್ಕಳದೇ. ಮೊದಲ ದಿನ 12ರಲ್ಲಿ ಮೂರು ಸರಿಯಾಗಿದ್ದವು, ಮಕ್ಕಳು ಬೆಂಚು ಬಡಿದು ನಕ್ಕರು. ತಪ್ಪು ಮಾಡಿ ನಾಚಿಕೆಪಟ್ಟ ಆ ಒಂಬತ್ತು ಹೆಸರುಗಳಲ್ಲಿ ಒಂದನ್ನೂ ನಾನು ಇಂದಿಗೂ ಮರೆತಿಲ್ಲ. ಸುಮ್ಮನೆ ಓದಿದ ಪಟ್ಟಿಯಿಂದ ಹೀಗೆ ಆಗುವುದಿಲ್ಲ. ಮರುದಿನದ 12ರಲ್ಲಿ ಹೊಸವು ಎಂಟು, ಹಳೆಯವು ನಾಲ್ಕು. ಒಂದು ಸುತ್ತಿಗೆ ಆರೇಳು ನಿಮಿಷ ಬೇಕು. ಹಿಂದಿನ ತರಗತಿಯ ಪಾಠಗಳನ್ನು ನೆನಪಿಸುವ ಜೂನ್ ತಿಂಗಳ ಸೇತುಬಂಧದ ದಿನಗಳಲ್ಲಿಯೇ ಆರಂಭಿಸಿದರೆ ಸಿಲೆಬಸ್ಸಿನ ತಂಟೆಯೂ ಇರುವುದಿಲ್ಲ.

ಇದರಲ್ಲಿಯೂ ಒಮ್ಮೆ ಮೋಸ ಹೋದೆ. ಮೂರನೆಯ ವಾರಕ್ಕೆ ಎಲ್ಲ ಸರಿಯಾಗುತ್ತಿದೆ ಎಂದು ಬೀಗುತ್ತಿರುವಾಗ, ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಅದೇ ಮಕ್ಕಳಲ್ಲಿ ಅರ್ಧದಷ್ಟು ಜನರ ಹೆಸರು ಬಾಯಿಗೆ ಬರಲಿಲ್ಲ. ನಾನು ಕಲಿತದ್ದು ಮುಖವನ್ನಲ್ಲ, ಬೆಂಚನ್ನು. ಅಂದಿನಿಂದ ಪ್ರತಿ ಸೋಮವಾರ ಕೂಡುವ ಜಾಗ ಬದಲಿಸುತ್ತೇನೆ, ವಾರಕ್ಕೊಮ್ಮೆ ಬೇವಿನ ಗಿಡದ ಕೆಳಗೆ ನೋಟ್‌ಬುಕ್ ಹಂಚುತ್ತೇನೆ. ನಾಲ್ವರು ಬಸವರಾಜರನ್ನು ಬೇರೆ ಬೇರೆಯಾಗಿ ಹೇಗೆ ಹಿಡಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಒಬ್ಬ ಹುಡುಗಿಯ ವಿಷಯ ಹೇಳಬೇಕು. ಅವಳ ನೋಟ್‌ಬುಕ್ ಸರಿಯಾಗಿಯೇ ಅವಳ ಮುಂದೆ ಇಟ್ಟೆ, ಹೆಸರನ್ನೂ ಸರಿಯಾಗಿಯೇ ಕರೆದೆ, ಆದರೂ ಅವಳು ತಲೆ ಎತ್ತಲಿಲ್ಲ. ಎರಡು ವಾರ ಹೀಗೆಯೇ ನಡೆಯಿತು. ಕಿವಿ ಮಂದ ಇರಬಹುದೆಂದು ನಾನು ಅವಳನ್ನು ಮುಂದಿನ ಬೆಂಚಿಗೂ ತಂದೆ. ಪಾಲಕರ ಸಭೆಗೆ ಬಂದ ಅವಳ ತಾಯಿಯನ್ನು ಕೇಳಿದಾಗ ಆಕೆ ಸೆರಗು ಸರಿಮಾಡಿಕೊಂಡು, ‘ಅದು ನಮ್ಮ ಅತ್ತಿ ಹೆಸರ್ರಿ, ನಾ ಹೆಂಗ ಕರೀಲಿ? ನಾವೆಲ್ಲಾ ಅಮ್ಮವ್ವ ಅಂತೀವ್ರಿ’ ಎಂದಳು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು, ಸೊಸೆಯಾದವಳು ಅದನ್ನು ಬಾಯಲ್ಲಿ ಹೇಳದಿರುವುದು ನನ್ನ ಮನೆಯಲ್ಲಿಯೂ ಇದ್ದ ಪದ್ಧತಿ. ಆದರೂ ಹಾಜರಿ ಪುಸ್ತಕ ಹಿಡಿದಾಗ ಅದು ನನಗೆ ಹೊಳೆದಿರಲಿಲ್ಲ. ಮರುದಿನ ‘ಅಮ್ಮವ್ವ’ ಎಂದು ಮೆಲ್ಲಗೆ ಕರೆದೆ. ಪೆನ್ಸಿಲ್ ಕೆಳಗಿಟ್ಟು ಸೀದಾ ನನ್ನ ಮುಖ ನೋಡಿದಳು. ಈಗ ಜೂನ್ ಮೊದಲ ವಾರದಲ್ಲಿಯೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನು ಬರೆಯಿಸಿಕೊಳ್ಳುತ್ತೇನೆ, ಆದರೆ ತರಗತಿಯಲ್ಲಿ ಅದನ್ನು ಬಳಸಬೇಕೋ ಬೇಡವೋ ಎಂಬುದನ್ನು ಮಗುವನ್ನೇ ಕೇಳುತ್ತೇನೆ. ಹೆಚ್ಚಿನ ಹುಡುಗರು ಬೇಡವೆನ್ನುತ್ತಾರೆ.

ನಡುವೆ ಸುಮ್ಮನೆ ಕುತೂಹಲಕ್ಕೆಂದು ಮಾಡಿದ ಪ್ರಯೋಗಗಳೂ ಇವೆ. ಕಣ್ಣು ಮುಚ್ಚಿಕೊಂಡು ಹಾಜರಿ ಧ್ವನಿಯಿಂದ ಮಕ್ಕಳನ್ನು ಗುರುತಿಸಲು ನೋಡಿದೆ. ಹುಡುಗಿಯರಲ್ಲಿ ಇಪ್ಪತ್ತರವರೆಗೆ ಸಾಧ್ಯವಾಯಿತು, ಎಂಟನೆಯ ತರಗತಿಯ ಹುಡುಗರ ಧ್ವನಿ ಮಾತ್ರ ಒಡೆಯುವ ವಯಸ್ಸಿನದಾದ್ದರಿಂದ ಆಗಸ್ಟಿಗೆ ಕಲಿತದ್ದು ಡಿಸೆಂಬರಿಗೆ ಕೆಲಸಕ್ಕೆ ಬರಲಿಲ್ಲ. ಅಕ್ಷರ ನೋಡಿ ಹೆಸರು ಹೇಳುವುದು ಇದಕ್ಕಿಂತ ಗಟ್ಟಿ. ಹೆಸರು ಬರೆಯದ ಉತ್ತರ ಪತ್ರಿಕೆ ಸಿಕ್ಕರೆ ಈಗ ಬೇರೆ ವಿಷಯದ ಶಿಕ್ಷಕರು ಕೂಡ ನನ್ನ ಬಳಿಗೆ ತರುತ್ತಾರೆ, ಏಳು ಎನ್ನುವ ಅಂಕಿಯನ್ನು ಯಾರು ಹೇಗೆ ಬರೆಯುತ್ತಾರೆ ಎಂಬುದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ದಸರಾ ರಜೆ ಈ ವಿಧಾನದ ದೊಡ್ಡ ಶತ್ರು. ಮೊದಲ ವರ್ಷ ರಜೆ ಮುಗಿಸಿ ಬಂದಾಗ 58ರಲ್ಲಿ ನಲವತ್ತೊಂದೋ ನಲವತ್ತೆರಡೋ ಉಳಿದಿದ್ದವು. ಈಗ ರಜೆಯಲ್ಲಿ ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ಪಟ್ಟಿ ನೋಡದೆ, ಬೇವಿನ ಗಿಡದ ಕೆಳಗಿನ ಸಾಲನ್ನು ನೆನೆಸಿಕೊಂಡು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಕರೆಯುತ್ತೇನೆ. ಶಾಲೆ ಶುರುವಾದ ಮೇಲೆ ನಾಲ್ಕು ದಿನದ ನೋಟ್‌ಬುಕ್ ಸುತ್ತಿನಲ್ಲಿ ಬಾಕಿ ತೀರುತ್ತದೆ. ಆದರೆ ಲಂಬಾಣಿ ತಾಂಡಾದ ಕೆಲವು ಮಕ್ಕಳು ತಂದೆ ತಾಯಿಯರ ಜೊತೆ ಕಬ್ಬು ಕಡಿಯಲು ಹೋದವರು ತಿಂಗಳುಗಟ್ಟಲೆ ಬರುವುದಿಲ್ಲ. ಹಾಗೆ ಹೋಗಿದ್ದ ಒಬ್ಬ ಹುಡುಗ ಫೆಬ್ರುವರಿಯಲ್ಲಿ ಬಾಗಿಲಿಗೆ ಬಂದು ನಿಂತಾಗ ನನಗೆ ಹೆಸರು ನೆನಪಾಗದೆ ‘ಬಾರಪ್ಪಾ’ ಎಂದೆ. ಅವನಿಗೆ ತಿಳಿಯಿತು. ಈಗ ಗೈರುಹಾಜರಾದವರ ನೋಟ್‌ಬುಕ್‌ಗಳನ್ನು ನನ್ನ ಕಪಾಟಿನಲ್ಲಿ ಬೇರೆ ಕಟ್ಟಿ ಇಟ್ಟು, ಶನಿವಾರಕ್ಕೊಮ್ಮೆ ಬಿಚ್ಚಿ, ಆ ಲೇಬಲ್‌ಗಳಿಗೂ ಮುಖ ನೆನೆಸಿಕೊಳ್ಳುತ್ತೇನೆ.

ಮುಖ್ಯಗುರುಗಳ ಪರೀಕ್ಷೆಯಲ್ಲಿ ತಪ್ಪಿದ ಮೂರು ಹೆಸರುಗಳಲ್ಲಿ ಒಂದು ವಾರದ ಹಿಂದೆಯಷ್ಟೇ ಬೇರೆ ಊರಿನಿಂದ ಬಂದು ಸೇರಿದ ಹುಡುಗನದು. ಉಳಿದೆರಡು ಅವಳಿ ಅಕ್ಕತಂಗಿಯರವು. ಒಬ್ಬಳ ಹುಬ್ಬಿನ ಮೇಲೆ ಸಣ್ಣ ಕಲೆಯಿದೆ ಎಂದು ತಿಳಿದಿದೆ, ಯಾರ ಹುಬ್ಬಿನ ಮೇಲೆ ಎಂಬುದು ನಿಲ್ಲುವುದಿಲ್ಲ. ಸದ್ಯಕ್ಕೆ ಅವರಿಬ್ಬರ ನೋಟ್‌ಬುಕ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಇಬ್ಬರ ನಡುವೆ ಇಟ್ಟು ಮುಂದಿನ ಬೆಂಚಿಗೆ ಹೋಗುತ್ತಿದ್ದೇನೆ. ಕರಿಹಲಗೆಯ ಬಳಿ ಕುಳಿತ ಹುಡುಗ ಅದಕ್ಕೂ ಒಂದು ಗೀಟು ಎಳೆಯುತ್ತಾನೆ.