ಸೋರಿಯಾಸಿಸ್ ಕೀಲುನೋವು: ಗಂಡಸರನ್ನು ಬೇರೆ, ಹೆಂಗಸರನ್ನು ಬೇರೆ ನೋಡುವುದು

ಸೋರಿಯಾಟಿಕ್ ಆರ್ಥ್ರೈಟಿಸ್ (ಸೋರಿಯಾಸಿಸ್ ಅನ್ನೋ ಚರ್ಮರೋಗದ ನಂಟಿರುವ ಕೀಲಿನ ಉರಿಯೂತ) ಇರಬಹುದು ಅನ್ನಿಸಿದ ತಕ್ಷಣ ನಾನು ಕೇಸ್ ಶೀಟ್ ತಿರುಗಿಸಿ ಹಿಂಬದಿಯಲ್ಲಿ ವಂಶವೃಕ್ಷ ಬರೆಯುತ್ತೇನೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಕಾಯಿಲೆ ಇದ್ದವರಿಗೆ ಒಳಗೆಲ್ಲ ಮಸಿ. "ಮನೇಲಿ ಯಾರಿಗಾದ್ರೂ ಸೋರಿಯಾಸಿಸ್ ಇದೆಯಾ?" ಅಂತ ನೇರವಾಗಿ ಕೇಳಿದರೆ "ಇಲ್ಲ ಡಾಕ್ಟ್ರೇ" ಅಂತಾರೆ. ಮದುವೆ ಮಾತುಕತೆ ನಡೀತಿರೋ ಮನೆಯಾದರೆ ಇನ್ನೂ ಗಟ್ಟಿಯಾಗಿ ಇಲ್ಲ ಅಂತಾರೆ. ಅದಕ್ಕೇ ಕಾಯಿಲೆಯ ಹೆಸರು ಎತ್ತೋದೇ ಇಲ್ಲ. ಏನು ಮಾಡಿದರೂ ಹೋಗದ ತಲೆಹೊಟ್ಟು ಯಾರಿಗಿತ್ತು, ಮೊಣಕೈ ಮೇಲೆ ಬಿಳಿ ಹೊಪ್ಪಳೆ ಏಳುತ್ತಿದ್ದದ್ದು ಯಾರಿಗೆ, ಸೂಜಿಯಲ್ಲಿ ಚುಚ್ಚಿದ ಹಾಗೆ ಉಗುರಲ್ಲಿ ಗುಳಿ ಇದ್ದದ್ದು ಯಾರಿಗೆ? ಆಗ ನಿಧಾನಕ್ಕೆ ದೊಡ್ಡಪ್ಪ ಹೊರಗೆ ಬರುತ್ತಾರೆ, ಆಮೇಲೆ ಸೋದರತ್ತೆ.

ಇದು ಸುಮ್ನೆ ಕುತೂಹಲಕ್ಕಲ್ಲ. ಈ ಕಾಯಿಲೆ ಗುರುತಿಸಲು ಅಂಕ ಕೊಡುವ 2006ರ ಕ್ಯಾಸ್ಪರ್ ಮಾನದಂಡದಲ್ಲಿ ಕೀಲಿನ ಉರಿಯೂತದ ಜೊತೆ 3 ಅಂಕ ಬೇಕು. ಚರ್ಮದಲ್ಲಿ ಏನೂ ಇಲ್ಲ, ಒಂದು ಬೆರಳು ಮಾತ್ರ ಬುಡದಿಂದ ತುದಿವರೆಗೆ ಊದಿದೆ ಅಂದುಕೊಳ್ಳಿ. ಅದಕ್ಕೆ ಒಂದು ಅಂಕ, ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್) ರಕ್ತಪರೀಕ್ಷೆ ನೆಗೆಟಿವ್ ಬಂದರೆ ಇನ್ನೊಂದು. ಮೂರನೆಯದು ಆ ದೊಡ್ಡಪ್ಪನಿಂದಲೇ ಬರಬೇಕು.

ಅಪ್ಪನ ಕಡೆಯವರನ್ನು ಸ್ವಲ್ಪ ಜಾಸ್ತಿ ಕೆದಕುತ್ತೇನೆ. 1999ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಈ ಕಾಯಿಲೆ ತಾಯಿಗಿಂತ ತಂದೆಯ ಕಡೆಯಿಂದ ಹೆಚ್ಚು ಇಳಿದು ಬಂದದ್ದು ಕಂಡಿತ್ತು. ಆದರೆ ನಮ್ಮಲ್ಲಿ ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಈ ಲೆಕ್ಕವೇ ಗೋಜಲು. ಒಬ್ಬನೇ ಮನುಷ್ಯ ಮಗುವಿಗೆ ಅಪ್ಪನ ಕಡೆಯಿಂದ ಅಜ್ಜ, ಅಮ್ಮನ ಕಡೆಯಿಂದ ಮುತ್ತಜ್ಜ!

ಇನ್ನೊಂದು ಕೀಲುರೋಗವಾದ ರುಮಟಾಯ್ಡ್ ಆರ್ಥ್ರೈಟಿಸ್ ಹೆಂಗಸರಲ್ಲೇ ಜಾಸ್ತಿ. ಇದು ಹಾಗಲ್ಲ, ಇಬ್ಬರಿಗೂ ಹೆಚ್ಚುಕಡಿಮೆ ಸಮ. ಬರುವ ರೀತಿ ಮಾತ್ರ ಬೇರೆ. ಗಂಡಸರಿಗೆ ಬೆನ್ನು ಹಿಡಿಯುವುದು, ಎಕ್ಸ್‌ರೇಯಲ್ಲಿ ಮೂಳೆ ಹಾಳಾಗಿದ್ದು ಕಾಣುವುದು, ಚರ್ಮ ಜಾಸ್ತಿ ಕೆಡುವುದು ಹೆಚ್ಚು. ಅವರು ಬಾಯಿಬಿಟ್ಟು ಹೇಳಲ್ಲ, ಹಾಗಾಗಿ ಬೆಳಗಿನ ಜಾವ ಬೆನ್ನು ನೋವಿಗೆ ಎಚ್ಚರ ಆಗುತ್ತಾ ಅಂತ ನಾನೇ ಕೇಳುತ್ತೇನೆ.

ಹೆಂಗಸರಿಗೆ ಹಲವು ಕೀಲು ಒಟ್ಟಿಗೆ, ನೋವು ಜಾಸ್ತಿ, ಸುಸ್ತು ಜಾಸ್ತಿ. ಉರಿಯೂತ ಎಬ್ಬಿಸುವ ಟಿಎನ್‌ಎಫ್ ಅನ್ನೋ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ನಿನ ಫಲವೂ ಅವರಲ್ಲಿ ಸರಾಸರಿ ಕಡಿಮೆ. ಇಲ್ಲಿ ಎರಡು ಅನ್ಯಾಯ ಆಗುತ್ತದೆ. ಒಂದು, "ಟೆನ್ಷನ್ ಮಾಡ್ಕೋಬೇಡಿ ಅಮ್ಮಾ" ಅಂತ ಕಳಿಸಿಬಿಡುವುದು. ಇನ್ನೊಂದು, ಫೈಬ್ರೊಮಯಾಲ್ಜಿಯಾ (ಉರಿಯೂತ ಇಲ್ಲದೆಯೇ ಮೈಯೆಲ್ಲ ನೋಯುವ ತೊಂದರೆ) ನೋವನ್ನೂ ಉರಿಯೂತ ಅಂದುಕೊಂಡು ಔಷಧಿ ಏರಿಸುತ್ತಾ ಹೋಗುವುದು. ನಾನು ಹಿಮ್ಮಡಿಯ ಸ್ನಾಯುರಜ್ಜು ಒತ್ತಿ ನೋಡಿ, ಆಮೇಲೆ ಮುಂಗೈ ನಡುವೆ, ಕೀಲೇ ಇಲ್ಲದ ಜಾಗದಲ್ಲಿ, ಅಷ್ಟೇ ಬಲದಲ್ಲಿ ಒತ್ತುತ್ತೇನೆ. ಎರಡೂ ಒಂದೇ ಥರ ನೋವು ಅಂದರೆ ಔಷಧಿ ಬದಲಿಸುವ ಮೊದಲು, ನಿಜಕ್ಕೂ ಉರಿಯೂತ ಇದೆಯಾ ಅಂತ ನೋಡಲು ಡಾಪ್ಲರ್ ಅಲ್ಟ್ರಾಸೌಂಡ್ ಮಾಡಿಸುತ್ತೇನೆ.

ಎಚ್‌ಎಲ್‌ಎ-ಬಿ27 ಅನ್ನೋ ಜೀನ್ ಇದೆಯಾ ಅಂತ ನೋಡುವ ಟೆಸ್ಟ್ ಎಲ್ಲರಿಗೂ ಬರೆಯಲ್ಲ. ಬೆನ್ನುನೋವಿನ ಅನುಮಾನ ಇದ್ದರೆ ಮಾತ್ರ. ಈ ಕಾಯಿಲೆಯಲ್ಲಿ ಬಹುಪಾಲು ಜನಕ್ಕೆ ಅದು ನೆಗೆಟಿವ್, ನೆಗೆಟಿವ್ ಬಂತು ಅಂತ ಕಾಯಿಲೆ ಇಲ್ಲ ಅನ್ನೋಕಾಗಲ್ಲ. ಅದೇ ಎಚ್‌ಎಲ್‌ಎ ಗುಂಪಿನ ಸಿ-06 ಜೀನ್ ಇದ್ದವರಿಗೆ ಚರ್ಮದ ತೊಂದರೆ ಚಿಕ್ಕ ವಯಸ್ಸಿಗೇ ಶುರು, ಕೀಲು ಹಿಡಿಯುವುದು ತಡ. ಚಿಕಿತ್ಸೆಯೇನೂ ಬದಲಾಗದ ಕಾರಣ ಅದನ್ನು ಬರೆಯುವುದೇ ಇಲ್ಲ.

ಮದುವೆ, ಮಗು ಯೋಚನೆಯಲ್ಲಿರುವ ಹುಡುಗಿಗೆ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಔಷಧಿ ಶುರುಮಾಡುವ ದಿನವೇ, ಬಸಿರಾಗುವ ಮೊದಲು ಇದನ್ನು ನಿಲ್ಲಿಸಬೇಕು ಅಂತ ಚೀಟಿಯಲ್ಲೇ ಬರೆದುಕೊಡುತ್ತೇನೆ. "ಮಕ್ಕಳಿಗೂ ಬರುತ್ತಾ ಡಾಕ್ಟ್ರೇ?" ಅಂತ ಕೇಳೇ ಕೇಳುತ್ತಾರೆ. ಬೇರೆಯವರಿಗಿಂತ ಸಾಧ್ಯತೆ ಜಾಸ್ತಿ, ಆದರೂ ಹೆಚ್ಚಿನ ಮಕ್ಕಳಿಗೆ ಬರಲ್ಲ ಅಂತೀನಿ. ಈಗಲೇ ಯಾವ ಟೆಸ್ಟೂ ಬೇಡ, ಉಗುರಲ್ಲಿ ಗುಳಿ ಬಿದ್ದರೆ, ಬೆಳಿಗ್ಗೆ ಕೀಲು ಬಿಗಿ ಹಿಡಿದರೆ ಕರ್ಕೊಂಡು ಬನ್ನಿ.